ಆಸ್ಪತ್ರೆಯಿಂದ ಮನೆಗೆ ಬಂದ ತಮ್ಮ: ಮುಂದಿನ ಆರೈಕೆಯನ್ನು ಊರಿನಲ್ಲಿಯೇ ಕಟ್ಟಿಕೊಳ್ಳುವುದು ಹೇಗೆ?

ಪ್ರಶ್ನೆ: ಹೊನ್ನಾವರ ತಾಲೂಕಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 34 ವರ್ಷ. 11 ವರ್ಷಗಳ ಹಿಂದೆ ಅವನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದೆಯೆಂದು ವೈದ್ಯರು ಗುರುತಿಸಿದರು. ಅಂದಿನಿಂದ ಮೂರು ಸಲ ಆಸ್ಪತ್ರೆ ಸೇರಿದ್ದಾನೆ. ಮೂರು ಸಲವೂ ಸುಧಾರಿಸಿಯೇ ಮನೆಗೆ ಬಂದಿದ್ದಾನೆ. ಆದರೆ ಮೊದಲ ಎರಡು ಸಲ ವರ್ಷ ತುಂಬುವುದರೊಳಗೆ ಮತ್ತೆ ಹಿಂದಿನ ಸ್ಥಿತಿಗೇ ಹೋಗಿ ಮುಟ್ಟಿದ. ಈ ಸಲ 40 ದಿನ ಒಳರೋಗಿಯಾಗಿದ್ದು ಮೂರು ವಾರಗಳ ಹಿಂದೆ ಮನೆಗೆ ಬಂದಿದ್ದಾನೆ. ನಾನು ಕೇಳುತ್ತಿರುವುದು ಆಸ್ಪತ್ರೆಯ ಚಿಕಿತ್ಸೆಯ ಬಗ್ಗೆ ಅಲ್ಲ, ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ದಿನಗಳ ಬಗ್ಗೆ.

ಬಿಡುಗಡೆಯ ದಿನ ನಮ್ಮ ಕೈಗೆ ಒಂದು ಚೀಲ ಮಾತ್ರೆಯನ್ನೂ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆಯನ್ನೂ ಕೊಟ್ಟು, ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ ಎಂದರು. ಯಾವ ಮಾತ್ರೆ ಯಾತಕ್ಕೆ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂದು ನಾನು ಕೇಳಲು ಹೋದೆ. ಹಿಂದೆ ಬಹಳ ಜನ ಕಾಯುತ್ತಿದ್ದಾರೆ ಎಂದು ಹೇಳಿ ಕಳಿಸಿದರು. ಅವರ ಮೇಲಿರುವ ಹೊರೆ ನನಗೆ ಅರ್ಥವಾಗುತ್ತದೆ. ಆದರೆ ಆ ಆಸ್ಪತ್ರೆಗೆ ಹೋಗಿ ಬರಲು ನಾವು ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು, ಘಟ್ಟ ಹತ್ತಿ, ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಮನೆ ಸೇರುತ್ತೇವೆ. ಮತ್ತೆ ಕೇಳಿಕೊಂಡು ಬರೋಣವೆನ್ನುವಷ್ಟು ಹತ್ತಿರದ ದಾರಿ ಅದಲ್ಲ.

ಮನೆಯಲ್ಲಿ ಇರುವವರು ನಮ್ಮ ಆಯಿ ಮತ್ತು ತಮ್ಮ ಇಬ್ಬರೇ. ಆಯಿಗೆ 69 ವರ್ಷ, ಮೊಣಕಾಲು ನೋವು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು, ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತೇನೆ. ತಮ್ಮ ಮಾತ್ರೆ ಬೇಡವೆಂದಾಗ ಆಯಿ ಅದನ್ನು ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಡುತ್ತಿದ್ದಳು. ಕಳೆದ ವಾರ ಬಟ್ಟಲಿನ ತಳದಲ್ಲಿ ಉಳಿದ ಬಿಳಿಯ ಪುಡಿಯನ್ನು ಅವನು ನೋಡಿಬಿಟ್ಟ. ಈಗ ಅವಳು ಬಡಿಸಿದ್ದನ್ನು ಉಣ್ಣುತ್ತಿಲ್ಲ. ತಾನೇ ಅನ್ನ ಬಸಿದುಕೊಂಡು ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಾನೆ. ಹಗಲೆಲ್ಲ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತಾನೆ. ಕೂರು ಎಂದರೆ, ಕಾಲು ನಿಲ್ಲುವುದಿಲ್ಲ ಅಕ್ಕ, ನಾನೇನು ಮಾಡಲಿ ಎನ್ನುತ್ತಾನೆ. ದಿನಕ್ಕೊಂದು ಕಟ್ಟು ಬೀಡಿ ಮುಗಿಯುತ್ತದೆ. ಕೇರಿಯವರು ಕೆಟ್ಟವರಲ್ಲ, ಆದರೆ ಮಂಡೆ ಸಮ ಇಲ್ಲದವನು ಎಂದು ದೂರ ಸರಿಯುತ್ತಾರೆ. ಒಂದು ಮದುವೆ ಮಾಡಿಬಿಡಿ, ಸರಿಹೋಗುತ್ತಾನೆ ಎಂದು ಹೇಳುವವರೂ ಇದ್ದಾರೆ.

ಕಾಯಿಲೆಗೆ ಮೊದಲು ಅವನು ನಮ್ಮ ಎಲೆತೋಟವನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ. ಎಲೆಯನ್ನು ಎಣಿಸಿ ಜೋಡಿಸಿ ನೂರರ ಕಟ್ಟು ಕಟ್ಟುವುದರಲ್ಲಿ ಅವನ ಕೈ ಓಡುವಷ್ಟು ಚುರುಕಾಗಿ ಊರಿನಲ್ಲಿ ಇನ್ನೊಬ್ಬರ ಕೈ ಓಡುತ್ತಿರಲಿಲ್ಲ.

ಆಯಿ ನನ್ನನ್ನು ಫೋನಿನಲ್ಲಿ ದಿನವೂ ಕೇಳುವ ಪ್ರಶ್ನೆ ಒಂದೇ: ನನ್ನ ಕಾಲ ಮುಗಿದ ಮೇಲೆ ಇವನನ್ನು ನೋಡುವವರು ಯಾರು? ಅವಳಿಗೆ ಏನು ಉತ್ತರ ಕೊಡಲಿ? ಇಂಥ ಸ್ಥಿತಿಯನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಶಿರಸಿ

ತಂಗಿ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಶಿರಸಿ, ಸಿದ್ದಾಪುರ ಕಡೆಯ ಉಪಕೇಂದ್ರಗಳಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದ್ದೇನೆ. ವೈದ್ಯೆಯಲ್ಲ, ಆದ್ದರಿಂದ ಮಾತ್ರೆಯ ಪ್ರಮಾಣದ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಆದರೆ ನೀವು ಬರೆದುದರಲ್ಲಿ ಮೂರು ಸಂಗತಿಗಳು ಕೂಡಲೇ ವೈದ್ಯರ ಕಿವಿಗೆ ಬೀಳಬೇಕಾದವು, ತಿಂಗಳು ತುಂಬಲಿ ಎಂದು ಕಾಯುವಂಥವಲ್ಲ.

ಮೊದಲನೆಯದು, ಕಾಲು ನಿಲ್ಲದಿರುವುದು. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳಿಂದ ಒಳಗಿನಿಂದಲೇ ಚಡಪಡಿಕೆ ಹುಟ್ಟಿ, ಕುಳಿತಲ್ಲಿ ಕೂರಲಾಗದೆ ಮನುಷ್ಯ ನಡೆಯುತ್ತಲೇ ಇರುವ ಸ್ಥಿತಿ ಬರುತ್ತದೆ. ಇದಕ್ಕೆ ಅಕಥೀಸಿಯಾ ಎನ್ನುತ್ತಾರೆ. ಮನೆಯವರು ಇದನ್ನು ಕಾಯಿಲೆ ಮರಳಿತು ಎಂದು ತಿಳಿಯುತ್ತಾರೆ, ಅನುಭವಿಸುವವನಿಗೆ ಅದು ಸಹಿಸಲಾಗದ ಸಂಕಟ, ಮತ್ತು ಬಹಳ ಜನ ಔಷಧ ಬಿಡುವುದಕ್ಕೆ ಇದೇ ಕಾರಣ. ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಬದಲಾಯಿಸಿಯೋ ಬೇರೆ ಔಷಧ ಕೊಟ್ಟೋ ಇದನ್ನು ಇಳಿಸಲು ಸಾಧ್ಯವಿದೆ. ನಿಮ್ಮ ತಮ್ಮ ಮಾತ್ರೆ ಬೇಡವೆಂದದ್ದು ಹಟದಿಂದಲೇ ಇರಬೇಕೆಂದಿಲ್ಲ. ಅವನನ್ನೇ ಕೇಳಿ ನೋಡಿ.

ಎರಡನೆಯದು ಬೀಡಿ. ಇದನ್ನು ಹೇಳುವವರು ಬಹಳ ಕಡಿಮೆ. ತಂಬಾಕಿನ ಹೊಗೆ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದರಿಂದ ಓಲಾಂಜಪಿನ್, ಕ್ಲೋಜಪಿನ್‌ನಂಥ ಮನೋರೋಗದ ಔಷಧಗಳು ರಕ್ತದಿಂದ ಬೇಗ ಹೊರಟುಹೋಗುತ್ತವೆ. ಆಸ್ಪತ್ರೆಯಲ್ಲಿ ಬೀಡಿ ಸಿಗದೆ ಇದ್ದ ದಿನಗಳಲ್ಲಿ ಸರಿಯಾಗಿ ಹೊಂದಿಕೊಂಡ ಪ್ರಮಾಣವು ಮನೆಗೆ ಬಂದು ದಿನಕ್ಕೊಂದು ಕಟ್ಟು ಸೇದತೊಡಗಿದ ಮೇಲೆ ಸಾಲದೆ ಹೋಗಬಹುದು. ಅದೇ ರೀತಿ, ದಿನವೂ ಸೇದುತ್ತಿದ್ದವನು ಒಮ್ಮೆಲೇ ಬಿಟ್ಟರೆ ಔಷಧದ ಮಟ್ಟ ಏರುತ್ತದೆ. ಹಾಗಾಗಿ ಬೀಡಿಯ ಲೆಕ್ಕವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.

ಮೂರನೆಯದು ಗಂಜಿಯ ವಿಷಯ. ನಿಮ್ಮ ಆಯಿಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ, ಬೇರೆ ದಾರಿ ಕಾಣದೆ ಎಷ್ಟೋ ತಾಯಂದಿರು ಹೀಗೆಯೇ ಮಾಡಿದ್ದನ್ನು ಕಂಡಿದ್ದೇನೆ. ಆದರೆ ತನಗೆ ಯಾರೋ ವಿಷ ಹಾಕುತ್ತಿದ್ದಾರೆ ಎಂಬ ಸಂಶಯವೇ ಕಾಯಿಲೆಯ ಒಂದು ಲಕ್ಷಣವಾಗಿರುವಾಗ, ಊಟದಲ್ಲಿ ನಿಜವಾಗಿಯೂ ಏನನ್ನೋ ಕಲಸಿದ್ದು ಸಿಕ್ಕಿಬಿದ್ದರೆ ಮುರಿದ ನಂಬಿಕೆ ಬೇಗ ಕೂಡುವುದಿಲ್ಲ. ಆಯಿ ಅವನೆದುರು ಕುಳಿತು, ಹೆದರಿ ಹಾಗೆ ಮಾಡಿದೆ ಮಗಾ, ಇನ್ನು ಮಾಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿ. ಹೇಳಿದಂತೆಯೇ ನಡೆದುಕೊಳ್ಳಲಿ. ದಿನವೂ ಮಾತ್ರೆ ನುಂಗುವುದು ಅವನಿಗೆ ಬೇಸರವೆಂದಾದರೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ, ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಇಂಜೆಕ್ಷನ್ನುಗಳಿವೆ. ಅವು ಎಲ್ಲರಿಗೂ ಹೊಂದುವುದಿಲ್ಲ. ಆದರೆ ಕೇಳುವುದಕ್ಕೆ ಅವನೂ ನೀವೂ ಅರ್ಹರು.

ಇನ್ನು ದೂರದ ಮಾತು. ಪ್ರತಿ ಸಲವೂ ಘಟ್ಟ ಹತ್ತಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಗೂ ಇದೆ, ಮತ್ತು ಮನೋಚೈತನ್ಯ ಎಂಬ ಹೆಸರಿನಲ್ಲಿ ಮನೋವೈದ್ಯರು ಗೊತ್ತಾದ ಮಂಗಳವಾರದಂದು ತಾಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆಯನ್ನು ನಮ್ಮ ರಾಜ್ಯ 2014ರಲ್ಲಿ ಆರಂಭಿಸಿತು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿಯೋ ನಿಮ್ಮ ಆಶಾ ಕಾರ್ಯಕರ್ತೆಯ ಬಳಿಯೋ ಕೇಳಿಕೊಳ್ಳಿ. ಈ ಪದ್ಧತಿಯ ಬೇರು ನಮ್ಮ ರಾಜ್ಯದಲ್ಲೇ ಇದೆ ಎಂಬುದು ನನಗೆ ಹೆಮ್ಮೆಯ ವಿಷಯ: 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ನಮ್ಮಂಥ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟು ಮಾಡಿ ತೋರಿಸಿದ ಕೆಲಸವೇ 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಡುರಾತ್ರಿಯಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ.

ಮಳೆಗಾಲದ ಮಾತನ್ನು ನಾನು ಹೇಳಲೇಬೇಕು. ಘಟ್ಟದ ಕೆಳಗಿನ ಒಂದು ಊರಿನಲ್ಲಿ ಒಬ್ಬ ಹೆಣ್ಣುಮಗಳು ಮೂರು ವರ್ಷ ಚೆನ್ನಾಗಿದ್ದು ಒಂದು ಆಷಾಢದಲ್ಲಿ ಮತ್ತೆ ಕಾಯಿಲೆ ಬಿದ್ದಳು. ಹೋಗಿ ನೋಡಿದರೆ ಯಾರ ತಪ್ಪೂ ಇರಲಿಲ್ಲ: ಹಳ್ಳ ತುಂಬಿ, ಬಸ್ಸು ನಿಂತು, ಮಾತ್ರೆ ಮುಗಿದು ಹದಿನೆಂಟು ದಿನಗಳಾಗಿದ್ದವು. ಅಂದಿನಿಂದ ನಾನು ನೋಡಿಕೊಳ್ಳುತ್ತಿದ್ದ ಎಲ್ಲ ಮನೆಗಳಲ್ಲಿಯೂ ಅಕ್ಕಿ, ಸೌದೆ ಕೂಡಿಡುವ ಹಾಗೆ, ಮಳೆ ಹಿಡಿಯುವುದರೊಳಗೆ ವೈದ್ಯರಿಂದ ಹೆಚ್ಚುವರಿ ತಿಂಗಳ ಔಷಧ ಬರೆಸಿಕೊಂಡು ಡಬ್ಬಿಯಲ್ಲಿ ಇಡಿಸುತ್ತಿದ್ದೆ. ತೇವಕ್ಕೆ ಮಾತ್ರೆ ಕೆಡದಂತೆ ಮುಚ್ಚಳ ಬಿಗಿಯಾದ ಡಬ್ಬಿ ಬೇಕು.

ಆಯಿಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಆಯಿಯ ಜಾಗಕ್ಕೆ ಇನ್ನೊಬ್ಬ ಆಯಿಯನ್ನು ಹುಡುಕಬೇಡಿ, ಸಿಗುವುದಿಲ್ಲ. ಆಕೆ ಒಬ್ಬಳೇ ಹೊತ್ತಿರುವುದನ್ನು ಐದು ಜನರಿಗೆ ಹಂಚಿ, ಅದೂ ಆಕೆಯ ಕೈಕಾಲು ಗಟ್ಟಿಯಾಗಿರುವಾಗಲೇ ಹಂಚಿ. ಒಬ್ಬರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಜೊತೆಯಾಗಲಿ, ಒಬ್ಬರು ವಾರಕ್ಕೊಮ್ಮೆ ಬಂದು ಅವನೊಡನೆ ಚಹಾ ಕುಡಿದು ಹೋಗಲಿ, ಒಬ್ಬರು ಕೆಲಸ ಕೊಡಲಿ. ಪ್ರತಿಯೊಬ್ಬರ ಪಾಲು ಚಿಕ್ಕದಾಗಿರಬೇಕು, ಆಗ ಮಾತ್ರ ಅದು ವರ್ಷಗಟ್ಟಲೆ ನಡೆಯುತ್ತದೆ. ಇದು ನನ್ನ ಅನುಭವದ ಮಾತು ಮಾತ್ರವಲ್ಲ. ನಮ್ಮ ಪಕ್ಕದ ಗೋವಾ, ಮಹಾರಾಷ್ಟ್ರದ ಸತಾರಾ ಮತ್ತು ತಮಿಳುನಾಡಿನಲ್ಲಿ ಸ್ಕಿಜೋಫ್ರೇನಿಯಾ ಇರುವ 282 ಜನರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ಬರುತ್ತಿದ್ದವರಲ್ಲಿ ವರ್ಷದ ಕೊನೆಗೆ ಲಕ್ಷಣಗಳೂ ದಿನನಿತ್ಯದ ತೊಡಕುಗಳೂ ಉಳಿದವರಿಗಿಂತ ಹೆಚ್ಚು ಇಳಿದಿದ್ದವು. ವ್ಯತ್ಯಾಸ ಬಹಳ ದೊಡ್ಡದೇನಲ್ಲ. ಆದರೆ ಹಾಗೆ ಮನೆಗೆ ಹೋದವರು ವೈದ್ಯರಾಗಿರಲಿಲ್ಲ, ನಿಮ್ಮ ನಮ್ಮಂಥವರೇ ಆಗಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮದುವೆ ಔಷಧವಲ್ಲ. ಅವನು ಮುಂದೊಂದು ದಿನ ಬಯಸಿದರೆ, ಎಲ್ಲವನ್ನೂ ತಿಳಿಸಿ ಮಾಡುವ ಮದುವೆ ಬೇರೆ ಮಾತು. ಮುಚ್ಚಿಟ್ಟು ಮಾಡಿದರೆ ಎರಡು ಬದುಕು ಹಾಳಾಗುತ್ತದೆ.

ಉತ್ತರ 2: ಕಾರವಾರದ ಓದುಗ

ಅಕ್ಕ, ನಾನು ನಿಮ್ಮ ತಮ್ಮನ ಕಡೆಯಿಂದ ಬರೆಯುತ್ತಿದ್ದೇನೆ. ನನಗಿರುವುದು ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಅತಿಯಾಗಿ ಕುಗ್ಗುವ ಬೈಪೋಲಾರ್ ಕಾಯಿಲೆ, ಅವನದು ಬೇರೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ತಿಂಗಳುಗಳು ಹೇಗಿರುತ್ತವೆ ಎಂಬುದು ನನಗೆ ಗೊತ್ತು. 12 ವರ್ಷಗಳಿಂದ ಅದಕ್ಕೆ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುತ್ತಿದ್ದೇನೆ, ಬೈತಖೋಲ ಬಂದರಿನಲ್ಲಿ ದೋಣಿಗಳಿಗೆ ಹೋಗುವ ಮಂಜುಗಡ್ಡೆಯ ಲೆಕ್ಕ ಬರೆಯುತ್ತೇನೆ, ಮನೆ ನಡೆಸುತ್ತೇನೆ.

ಮನೆಗೆ ಬಂದ ಮೇಲೆ ನನ್ನನ್ನು ಹಿಂಡಿದ್ದು ಕಾಯಿಲೆಗಿಂತ ಹೆಚ್ಚಾಗಿ ಮನೆಯವರ ಕಣ್ಣು. ನಾನು ನಕ್ಕರೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಸ್ವಲ್ಪ ದನಿಯೇರಿಸಿದರೆ, ಮಾತ್ರೆ ತೆಗೆದುಕೊಂಡೆಯಾ ಎಂಬ ಪ್ರಶ್ನೆ ಬರುತ್ತಿತ್ತು. ಮೀನಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಿದರೂ ಅದಕ್ಕೆ ಕಾಯಿಲೆಯೇ ಕಾರಣ ಎಂಬಂತೆ ನೋಡುತ್ತಿದ್ದರು. ಮನುಷ್ಯನಿಗೆ ಸಿಟ್ಟು ಬರುವ ಹಕ್ಕಿದೆ, ಅಕ್ಕ. ಮನೆಯೊಳಗಿನ ಟೀಕೆ ಮತ್ತು ಅತಿಯಾದ ಕಾಳಜಿ ಎರಡೂ ಕಾಯಿಲೆ ಮರಳುವ ಸಂಭವವನ್ನು ಹೆಚ್ಚಿಸುತ್ತವೆ ಎಂದು ಮುಂದೆ ನನ್ನ ವೈದ್ಯರೇ ನನ್ನ ಅಣ್ಣನಿಗೆ ವಿವರಿಸಿದರು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು 1950ರ ದಶಕದಲ್ಲಿಯೇ ಆಸ್ಪತ್ರೆಯಿಂದ ಬಿಡುಗಡೆಯಾದವರ ಮನೆಗಳನ್ನು ಗಮನಿಸತೊಡಗಿ ಇದನ್ನು ಕಂಡುಕೊಂಡಿದ್ದರಂತೆ. ಅತಿಯಾದ ಕಾಳಜಿ ಎಂಬ ಮಾತು ಅಣ್ಣನಿಗೆ ನೋವುಂಟುಮಾಡಿತು. ಆದರೂ ಅವನು ಮಾತ್ರೆ ಎಣಿಸುವುದನ್ನು ನಿಲ್ಲಿಸಿದ, ಅದರ ಬದಲು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ನಾನೇ ಡಬ್ಬಿ ತುಂಬುವಾಗ ಪಕ್ಕದಲ್ಲಿ ಕುಳಿತು ಪತ್ರಿಕೆ ಓದುತ್ತಾನೆ. ಇಷ್ಟೇ ವ್ಯವಸ್ಥೆ, ಒಂಬತ್ತು ವರ್ಷಗಳಿಂದ ನಡೆದಿದೆ.

ನಿಮ್ಮ ತಮ್ಮ ಚೆನ್ನಾಗಿರುವ ದಿನ ನೋಡಿ, ಕಾಯಿಲೆ ಮರಳುವ ಮೊದಲು ನಿನಗೆ ಏನು ಗೊತ್ತಾಗುತ್ತದೆ ಎಂದು ಅವನನ್ನೇ ಕೇಳಿ, ಅವನ ಮಾತಿನಲ್ಲೇ ಬರೆದಿಡಿ. ನನ್ನ ಕಾಗದದಲ್ಲಿ ಇರುವುದು ನಾಲ್ಕೇ ಸಾಲು. ಎರಡು ರಾತ್ರಿ ನಿದ್ದೆ ನಾಲ್ಕು ತಾಸಿಗಿಂತ ಕಡಿಮೆಯಾದರೆ ಅಣ್ಣ ವೈದ್ಯರಿಗೆ ಫೋನು ಮಾಡಬಹುದು, ಆಗ ನಾನು ಬೇಡವೆಂದರೂ ಮಾಡಬಹುದು, ಎಂಬುದು ಮೊದಲನೆಯ ಸಾಲು. ಅದನ್ನು ಬರೆದವನು ನಾನು, ಆದ್ದರಿಂದ ಆ ಫೋನಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನಿದ್ದೆಯ ವಿಷಯದಲ್ಲಿ ನಾನು ಕಳೆದುಕೊಂಡದ್ದೂ ಇದೆ. ಇಡೀ ರಾತ್ರಿಯ ಯಕ್ಷಗಾನವನ್ನು ಬೆಳಗಿನವರೆಗೆ ಕುಳಿತು ನೋಡುತ್ತಿದ್ದವನು ನಾನು. ಈಗ ಕಾಲಮಿತಿಯ ಆಟಕ್ಕೆ ಹೋಗಿ ಹತ್ತು ಗಂಟೆಯೊಳಗೆ ಎದ್ದು ಬರುತ್ತೇನೆ. ಚೆಂಡೆಯ ಸದ್ದು ಬಯಲಿನುದ್ದಕ್ಕೂ ಹಿಂದಿನಿಂದ ಕೇಳುತ್ತಿರುತ್ತದೆ. ಬೇಸರವಾಗುತ್ತದೆ, ಆದರೂ ಬರುತ್ತೇನೆ.

ಲಿಥಿಯಂ ತೆಗೆದುಕೊಳ್ಳುವ ಬೇರೆಯವರು ಈ ಚರ್ಚೆ ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಹರಿದು ಮೈಯ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ಅಥವಾ ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ಅಪಾಯವಾಗಬಹುದು. ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಮರುದಿನಕ್ಕೆ ಕಾಯಬಾರದು. ಕಾಲಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು.

ಇನ್ನೊಂದು. ನಮ್ಮ ಮನೆಮಾತು ಕೊಂಕಣಿ. ನಾನು ಕನ್ನಡದಲ್ಲಿ ಲೆಕ್ಕ ಬರೆಯುತ್ತೇನೆ, ಪತ್ರಿಕೆ ಓದುತ್ತೇನೆ, ಆದರೆ ಹೆದರಿದಾಗ ನನಗೆ ಬರುವ ಮಾತು ಕೊಂಕಣಿಯೇ. ಒಮ್ಮೆ ಒಬ್ಬ ಶುಶ್ರೂಷಕಿ ಕೊಂಕಣಿಯಲ್ಲಿ ಊಟವಾಯಿತೇ ಎಂದು ಕೇಳಿದ್ದಕ್ಕೆ ನಾನು ಅತ್ತುಬಿಟ್ಟಿದ್ದೆ. ಇಂಗ್ಲಿಷಿನ ಆ ಹಾಳೆಯನ್ನು ನಿಮ್ಮ ತಮ್ಮನಿಗೆ ಅವನ ಮಾತಿನಲ್ಲಿ ಯಾರಾದರೂ ಓದಿ ಹೇಳಲೇಬೇಕು. ಅದು ಅವನ ಮೈಗೆ ಸಂಬಂಧಿಸಿದ ಹಾಳೆ.

ಎಲೆಯ ಕಟ್ಟಿನ ವಿಷಯ ಓದಿ ಸಂತೋಷವಾಯಿತು. ಅವನಿಗೆ ಕೆಲಸ ಕೊಡಿ, ಆದರೆ ಮನಸ್ಸಿಗೆ ಒಳ್ಳೆಯದೆಂದು ಸುಮ್ಮನೆ ಕೊಡುವ ಕೆಲಸ ಬೇಡ. ಕಟ್ಟಿಗೆ ಇಷ್ಟು ಎಂದು ದುಡ್ಡು ಅವನ ಕೈಗೇ ಹೋಗಲಿ.

ಉತ್ತರ 3: ಅಂಕೋಲೆಯಿಂದ

ಶಿರಸಿಯ ಅಕ್ಕೋರು ಹೇಳಿದ್ದನ್ನು ನಾನು ಗೌರವದಿಂದಲೇ ಓದಿದ್ದೇನೆ. ಆದರೂ ಐದು ಜನರಿಗೆ ಹಂಚುವುದೆಂದರೆ ಐದು ಮನೆಗಳಿಗೆ ಕಾಯಿಲೆಯ ಹೆಸರು ಹೇಳುವುದೆಂದೇ ಅರ್ಥ. ನನ್ನ ಗಂಡನ ತಮ್ಮನ ವಿಷಯದಲ್ಲಿ ನಾವು ಮುಚ್ಚಿಡದೆ ಎಲ್ಲರಿಗೂ ಹೇಳಿದೆವು. ಎರಡು ವರ್ಷಗಳ ನಂತರ ನಮ್ಮ ಮಗಳಿಗೆ ನಿಶ್ಚಯವಾಗಿದ್ದ ಮದುವೆ ಸಂಬಂಧವೊಂದು ಆ ಒಂದೇ ಕಾರಣಕ್ಕೆ ತಪ್ಪಿಹೋಯಿತು. ಹುಡುಗನ ಕಡೆಯವರು ಬಾಯಿಬಿಟ್ಟು ಹೇಳಲಿಲ್ಲ, ಜಾತಕ ಕೂಡಲಿಲ್ಲ ಎಂದರು. ಆ ದಿನ ನನ್ನ ಮೈದುನ ಹಿತ್ತಿಲಿನಲ್ಲಿ ತೆಂಗಿನ ಬುಡಕ್ಕೆ ಒರಗಿ ಸಂಜೆಯವರೆಗೆ ನಿಂತಿದ್ದ, ಅವನಿಗೆ ಎಲ್ಲವೂ ಅರ್ಥವಾಗಿತ್ತು. ಈಗ ನಾವು ಕಾಯಿಲೆಯ ಹೆಸರು ಹೇಳುವುದಿಲ್ಲ. ಅವನಿಗೆ ರಾತ್ರಿ ನಿದ್ದೆ ಕೆಡಬಾರದು, ಗದ್ದಲ ಆಗುವುದಿಲ್ಲ, ಬಿಸಿಲಿನಲ್ಲಿ ದುಡಿಸಬೇಡಿ ಎಂದಷ್ಟೇ ಹೇಳುತ್ತೇವೆ. ಜೊತೆಗಿರುವವರಿಗೆ ಬೇಕಾದದ್ದು ಅಷ್ಟೇ ಅಲ್ಲವೇ? ಹೇಳುವ ಮೊದಲು ನಿಮ್ಮ ತಮ್ಮನ ಒಪ್ಪಿಗೆ ಕೇಳಿ ಎಂಬುದು ನನ್ನ ವಿನಂತಿ. ನಾವು ಕೇಳಿರಲಿಲ್ಲ.

ಉತ್ತರ 4: ವಕೀಲರು, ಶಿರಸಿ

ಹಿಂದಿನ ಮೂವರೂ ಮುಖ್ಯವಾದುದನ್ನು ಹೇಳಿದ್ದಾರೆ. ಕಾಗದಪತ್ರಗಳ ಕಡೆಯನ್ನು ಮಾತ್ರ ನಾನು ಸೇರಿಸುತ್ತೇನೆ.

ಬಿಡುಗಡೆಯ ದಿನ ನಿಮಗೆ ವಿವರಣೆ ಸಿಗದೆ ಹೋದದ್ದು ಕೇವಲ ಸೌಜನ್ಯದ ಕೊರತೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೆಯ ಕಲಮಿನ ಪ್ರಕಾರ, ಒಳರೋಗಿಯನ್ನು ಮನೆಗೆ ಕಳಿಸುವ ಮುನ್ನ ಚಿಕಿತ್ಸೆ ನೀಡಿದ ಮನೋವೈದ್ಯರು ಆ ವ್ಯಕ್ತಿಯೊಡನೆ, ಅವನು ಯಾರ ಮನೆಯಲ್ಲಿ ಇರಲಿದ್ದಾನೋ ಅವರೊಡನೆ, ಮುಂದೆ ಚಿಕಿತ್ಸೆಯ ಹೊಣೆ ಹೊರಲಿರುವ ವೈದ್ಯರೊಡನೆ ಸಮಾಲೋಚಿಸಿ, ಮುಂದಿನ ಚಿಕಿತ್ಸೆ ಮತ್ತು ಸೇವೆಗಳು ಹೇಗಿರಬೇಕೆಂಬ ಯೋಜನೆ ಸಿದ್ಧವಾಗುವಂತೆ ನೋಡಿಕೊಳ್ಳಬೇಕು. ಆದ್ದರಿಂದ ಮುಂದಿನ ಭೇಟಿಯಲ್ಲಿ ಇದನ್ನು ಉಪಕಾರವೆಂಬಂತೆ ಬೇಡದೆ, ವಿನಯದಿಂದ ಆದರೆ ಸ್ಪಷ್ಟವಾಗಿ ಕೇಳಿ. ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕು ನಿಮ್ಮ ತಮ್ಮನಿಗೆ 25ನೆಯ ಕಲಮಿನಲ್ಲಿದೆ. ಆ ದಾಖಲೆಯ ಪ್ರತಿ ಇದ್ದರೆ ತಾಲೂಕು ಆಸ್ಪತ್ರೆಗೆ ಬರುವ ವೈದ್ಯರಿಗೆ ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ.

ಕಾರವಾರದ ಮಿತ್ರರು ತಮ್ಮ ನಾಲ್ಕು ಸಾಲಿನ ಕಾಗದದ ಬಗ್ಗೆ ಬರೆದಿದ್ದಾರೆ. ಅಂಥದಕ್ಕೆ ಕಾಯ್ದೆಯಲ್ಲಿಯೂ ಸ್ಥಾನವಿದೆ. ತನ್ನ ಚಿಕಿತ್ಸೆ ಹೇಗಿರಬೇಕು, ಹೇಗಿರಬಾರದು ಎಂದು ವ್ಯಕ್ತಿ ಮೊದಲೇ ಬರೆದಿಡುವ ಮುಂಗಡ ನಿರ್ದೇಶನವನ್ನು 5ನೆಯ ಕಲಮು ಒಪ್ಪುತ್ತದೆ. ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನು 14ನೆಯ ಕಲಮು ಕೊಡುತ್ತದೆ. ಆಯಿಗೆ ವಯಸ್ಸಾಗಿರುವುದರಿಂದ, ತಮ್ಮನ ಇಚ್ಛೆಯಿದ್ದರೆ ನೀವು ಈಗಲೇ ಆ ಪ್ರತಿನಿಧಿಯಾಗುವುದು ಒಳ್ಳೆಯದು. ಸಮುದಾಯದ ನಡುವೆ ಬದುಕುವ ಹಕ್ಕು 19ನೆಯ ಕಲಮಿನಲ್ಲಿದೆ. ಸರಪಳಿಯಿಂದ ಕಟ್ಟುವುದನ್ನು ಇದೇ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ನಿಮ್ಮ ಮನೆಗೆ ಇದು ಅನ್ವಯಿಸುವ ಮಾತಲ್ಲ, ಆದರೆ ಓದುವವರಲ್ಲಿ ಯಾರಾದರೂ ತಮ್ಮವರನ್ನು ಎಲ್ಲಿಯಾದರೂ ಬಿಟ್ಟು ಬರುವ ಯೋಚನೆಯಲ್ಲಿದ್ದರೆ, 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸುತ್ತಿದ್ದ ಒಂದು ಆಶ್ರಯತಾಣದಲ್ಲಿ ಸರಪಳಿ ಬಿಗಿದ ಸ್ಥಿತಿಯಲ್ಲಿಯೇ 28 ಜನ ಬೆಂಕಿಗೆ ಆಹುತಿಯಾದರೆಂಬುದನ್ನು ನೆನಪಿಡಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮನೋರೋಗವೂ ಒಂದು. ಅಸಾಮರ್ಥ್ಯದ ಪ್ರಮಾಣ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಮಾಸಾಶನ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿಯ ಓಡಾಟಕ್ಕೆ ಅವರ ನೆರವು ಪಡೆಯಿರಿ. ನಿಮ್ಮ ತಂದೆ ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದರೆ ಈಗ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿರಬೇಕು. ದುಡಿದು ಜೀವನ ಸಾಗಿಸಲಾಗದಷ್ಟು ಮನೋರೋಗವಿರುವ ಮಕ್ಕಳಿಗೆ ತಾಯಿಯ ನಂತರವೂ ಆ ಪಿಂಚಣಿ ಮುಂದುವರಿಯಲು ನಿಯಮದಲ್ಲಿ ಅವಕಾಶವಿದೆ. ತಾಯಿ ಇರುವಾಗಲೇ ತಂದೆಯ ಇಲಾಖೆಯಲ್ಲಿ ವಿಚಾರಿಸಿ ತಮ್ಮನ ಹೆಸರನ್ನೂ ಪ್ರಮಾಣಪತ್ರವನ್ನೂ ದಾಖಲೆಗೆ ಸೇರಿಸಿಡಿ. ಆಮೇಲೆ ಮಾಡೋಣವೆಂದು ಬಿಟ್ಟ ಎಷ್ಟೋ ಕುಟುಂಬಗಳು ನನ್ನ ಕಚೇರಿಗೆ ಬಂದು ಕಣ್ಣೀರಿಟ್ಟಿವೆ. ವಕೀಲರ ಶುಲ್ಕ ಭರಿಸುವುದು ಕಷ್ಟವಾದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ದೊರೆಯುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ: ಹೊನ್ನಾವರ ತಾಲೂಕಿನ ಅಕ್ಕ

ಎಲ್ಲರಿಗೂ ಕೈಮುಗಿಯುತ್ತೇನೆ. ಉತ್ತರಗಳನ್ನು ಮುದ್ರಿಸಿಕೊಂಡು ಊರಿಗೆ ಹೋಗಿದ್ದೆ. ಕಾರವಾರದ ಅಣ್ಣನ ಬರಹವನ್ನು ತಮ್ಮನೇ ತೆಗೆದುಕೊಂಡು ಓದಿದ. ಮೀನಿಗೆ ಉಪ್ಪು ಕಡಿಮೆಯಾದ ಸಾಲಿನಲ್ಲಿ ನಿಂತು ಇನ್ನೊಮ್ಮೆ ಓದಿದ. ನಾವು ಮೀನು ತಿನ್ನುವವರಲ್ಲ, ಆದರೂ ಅವನಿಗೆ ಅದು ಚೆನ್ನಾಗಿ ಅರ್ಥವಾಯಿತು.

ಆಯಿ ತಪ್ಪೊಪ್ಪಿಕೊಂಡಳು. ಅವನು ಏನೂ ಹೇಳಲಿಲ್ಲ, ಮರುದಿನವೂ ತಾನೇ ಅನ್ನ ಬಸಿದುಕೊಂಡ. ನಾಲ್ಕನೆಯ ದಿನ ಅವಳು ಮಾಡಿದ ತಂಬುಳಿಯನ್ನು ತಾನೇ ಬಡಿಸಿಕೊಂಡು ಉಂಡನಂತೆ. ಆಯಿ ಫೋನಿನಲ್ಲಿ ಹೇಳುವಾಗ ಅವಳ ದನಿ ನಡುಗುತ್ತಿತ್ತು.

ಮಂಗಳವಾರ ರಜೆ ಹಾಕಿ ಅವನೊಡನೆ ತಾಲೂಕು ಆಸ್ಪತ್ರೆಗೆ ಹೋದೆ. ಕಾಲಿನ ಚಡಪಡಿಕೆಯ ಬಗ್ಗೆ ಅವನೇ ಹೇಳಿದ, ಬೀಡಿಯ ಲೆಕ್ಕವನ್ನೂ ಅವನೇ ಕೊಟ್ಟ. ವೈದ್ಯರು ಒಂದು ಔಷಧ ಬದಲಾಯಿಸಿ, ಮಾತ್ರೆಗಳ ಹೆಸರನ್ನೂ ಯಾತಕ್ಕೆಂಬುದನ್ನೂ ಕನ್ನಡದಲ್ಲಿ ಬರೆದುಕೊಟ್ಟರು. ಇಂಜೆಕ್ಷನ್ ವಿಷಯವನ್ನು ಮುಂದಿನ ತಿಂಗಳು ಯೋಚಿಸೋಣ ಎಂದರು.

ಐದು ಜನ ಇನ್ನೂ ಆಗಿಲ್ಲ. ಅಂಕೋಲೆಯ ಅಕ್ಕನ ಮಾತಿನಂತೆ ಮೊದಲು ತಮ್ಮನನ್ನೇ ಕೇಳಿದೆ. ಅವನು ಇಬ್ಬರ ಹೆಸರು ಹೇಳಿದ: ಒಬ್ಬರು ನಮ್ಮ ಚಿಕ್ಕಪ್ಪನ ಮಗ, ಇನ್ನೊಬ್ಬರು ಅಪ್ಪನ ಶಿಷ್ಯರಾಗಿದ್ದ, ಎಲೆ ವ್ಯಾಪಾರ ಮಾಡುವವರು. ಕೇರಿಯ ಬೇರೆ ಯಾರಿಗೂ ಹೇಳುವುದು ಬೇಡ ಎಂದ. ವ್ಯಾಪಾರದವರು ಶನಿವಾರ ಎರಡು ಬುಟ್ಟಿ ಎಲೆ ತಂದು ಜಗಲಿಯ ಮೇಲೆ ಇಳಿಸಿ, ಸಂಜೆಯೊಳಗೆ ಆಗುವಷ್ಟು ಆಗಲಿ ಎಂದು ಹೇಳಿ ಹೋದರು. ಅವನ ಬೆರಳು ಇನ್ನೂ ಸ್ವಲ್ಪ ನಡುಗುತ್ತದೆ. ಹನ್ನೊಂದು ಕಟ್ಟು ಕಟ್ಟಿದ. ಒಂದರಲ್ಲಿ 97 ಎಲೆ ಇದ್ದುದು ಅವನಿಗೇ ಅನುಮಾನ ಬಂದು, ಬಿಚ್ಚಿ, ಮತ್ತೆ ಎಣಿಸಿ ಮೂರು ಎಲೆ ಸೇರಿಸಿ ಕಟ್ಟಿದ.

ಪಿಂಚಣಿಯ ದಾಖಲೆಗೆ ಮುಂದಿನ ವಾರ ಹೋಗುತ್ತೇನೆ. ಶಿರಸಿಯ ಅಕ್ಕೋರಲ್ಲಿ ಒಂದು ಪ್ರಶ್ನೆ ಉಳಿದಿದೆ: ಇಂಜೆಕ್ಷನ್ನೇ ಎಂದು ನಿಶ್ಚಯವಾದರೆ ಅದನ್ನು ಪ್ರತಿ ಸಲವೂ ಮನೋವೈದ್ಯರೇ ಕೊಡಬೇಕೇ, ಅಥವಾ ವೈದ್ಯರು ಬರೆದುಕೊಟ್ಟರೆ ನಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯರು ಕೊಡಬಹುದೇ? ಜೂನ್ ಹತ್ತಿರ ಬರುತ್ತಿರುವುದರಿಂದ ಕೇಳುತ್ತಿದ್ದೇನೆ.